‘ಯಾರಿವರು?’ ಎಂಬ ಒಂದು ಸಾಲಿನ ಪ್ರಶ್ನೆ

ಕಳೆದ ನವೆಂಬರಿನ ಒಂದು ಸಂಜೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಮನೆಗೆ ಬಂದರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಗಣಿತ ಕಲಿಸಿದವರು, ಬಾಯಿಲೆಕ್ಕದಲ್ಲಿ ಅಂಗಡಿಯವನನ್ನೂ ಸೋಲಿಸುವವರು. ಅಂದು ಮಾತ್ರ ಮುಂದಿಟ್ಟ ಕಾಫಿಯನ್ನು ಮುಟ್ಟದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಕೊನೆಗೆ ತಗ್ಗಿದ ದನಿಯಲ್ಲಿ ವಿಷಯ ಹೇಳಿದರು. ಜೀವಿತ ಪ್ರಮಾಣಪತ್ರ ನವೀಕರಣವಾಗಿಲ್ಲ, ಆದ್ದರಿಂದ ಪಿಂಚಣಿ ನಿಲ್ಲುತ್ತದೆ ಎಂದು ಅವರ ಮೊಬೈಲಿಗೆ ಒಂದು ಸಂದೇಶ ಬಂದಿತ್ತು. ಅದರಲ್ಲಿದ್ದ ಕೊಂಡಿಯನ್ನು ಒತ್ತಿದಾಗ ಸರ್ಕಾರಿ ಲಾಂಛನವಿದ್ದ ಜಾಲತಾಣವೊಂದು ತೆರೆದುಕೊಂಡಿತ್ತು. ಅದು ಕೇಳಿದ್ದನ್ನೆಲ್ಲ ಇವರು ತುಂಬಿದ್ದರು. ಅರ್ಧ ಗಂಟೆಯೊಳಗೆ ಒಂದು ತಿಂಗಳ ಪಿಂಚಣಿಯಷ್ಟು ಹಣ ಖಾತೆಯಿಂದ ಹೋಗಿತ್ತು. ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ಹಣ ಹೋದುದಕ್ಕಿಂತ, ತಾನು ಮೋಸ ಹೋದೆನೆಂಬ ನಾಚಿಕೆಯೇ ಅವರನ್ನು ಹೆಚ್ಚು ಕುಗ್ಗಿಸಿತ್ತು.

ರಜೆಗೆ ಬಂದಿದ್ದ ನನ್ನ ಮೊಮ್ಮಗಳು ಎಲ್ಲವನ್ನೂ ಕೇಳಿಸಿಕೊಂಡು, ಮೊದಲು ಅವರ ಬ್ಯಾಂಕಿಗೂ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಕರೆ ಮಾಡಿಸಿದಳು. ಆಮೇಲೆ ತನ್ನ ಗಣಕಯಂತ್ರದಲ್ಲಿ ಚಿತ್ರವಿಲ್ಲದ, ಗುಂಡಿಗಳಿಲ್ಲದ ಒಂದು ಕಪ್ಪು ಪರದೆಯನ್ನು ತೆರೆದಳು. ‘ಹೂಈಸ್’ ಎಂಬ ಒಂದು ಪದ, ಅದರ ಮುಂದೆ ಆ ತಾಣದ ಹೆಸರು. ಇಷ್ಟನ್ನೇ ಬೆರಳಚ್ಚಿಸಿ ಎಂಟರ್ ಒತ್ತಿದಳು. ಮೂವತ್ತು ನಲವತ್ತು ಸಾಲುಗಳು ಸರಸರನೆ ಕೆಳಗಿಳಿದವು.

“ಯಾರಮ್ಮ ಅದು? ಹೆಸರು ಇದೆಯಾ?” ಎಂದು ಮೇಷ್ಟ್ರು ಮುಂದಕ್ಕೆ ಬಾಗಿದರು.

“ಯಾರು ಅಂತ ಇದು ಹೇಳಲ್ಲ ತಾತ, ಮುಚ್ಚಿಟ್ಟಿದ್ದಾರೆ. ಯಾವತ್ತು ಹುಟ್ಟಿದ್ದು ಅಂತ ಮಾತ್ರ ಹೇಳುತ್ತೆ. ನೋಡಿ, ಈ ತಾಣ ಹುಟ್ಟಿ ಇವತ್ತಿಗೆ ಒಂಬತ್ತು ದಿನ.”

ಒಂಬತ್ತು ದಿನದ ಕೂಸು ಸರ್ಕಾರದ ವೇಷ ಹಾಕಿಕೊಂಡು ಬಂದಿತ್ತು! ಮೇಷ್ಟ್ರು ನಿಟ್ಟುಸಿರು ಬಿಟ್ಟು, “‘ಯಾರು’ ಅಂತ ಹೆಸರಿಟ್ಟುಕೊಂಡಿರೋ ಯಂತ್ರ ಯಾರು ಅನ್ನೋದನ್ನೇ ಹೇಳದಿದ್ದರೆ ಅದು ಇದ್ದೇನು ಪ್ರಯೋಜನ?” ಎಂದರು. ನ್ಯಾಯವಾದ ಪ್ರಶ್ನೆ. ಇತಿಹಾಸದ ಪಾಠ ಮಾಡಿದ ನನಗೆ ಅದರ ಉತ್ತರವನ್ನು ಹುಡುಕದೆ ಇರಲಾಗಲಿಲ್ಲ. ಹುಡುಕಿದಾಗ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಅಂತರ್ಜಾಲದ ಪೂರ್ವಜನಾದ ಅರ್ಪಾನೆಟ್ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ 1969ರಲ್ಲಿ ಹುಟ್ಟಿತು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಮೆನ್ಲೋ ಪಾರ್ಕ್‌ನ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಆ ವರ್ಷದ ಅಕ್ಟೋಬರ್ 29ರಂದು ಮೊದಲ ಸಂದೇಶ ಹೋಯಿತು. ಆ ಜಾಲಕ್ಕೆ ಸೇರಿದ ಯಂತ್ರಗಳ ಲೆಕ್ಕ ಇಡುವ ಕಚೇರಿಯೂ ಇದೇ ಮೆನ್ಲೋ ಪಾರ್ಕಿನಲ್ಲಿತ್ತು. ಅದನ್ನು ಜಾಲ ಮಾಹಿತಿ ಕೇಂದ್ರವೆಂದು ಕರೆಯಬಹುದು. ಅದರ ಮುಖ್ಯಸ್ಥೆ ಎಲಿಜಬೆತ್ ಫೈನ್ಲರ್. ಎಲ್ಲರ ಬಾಯಲ್ಲಿ ‘ಜೇಕ್’. ರಸಾಯನಶಾಸ್ತ್ರ ಓದಿದ್ದ ಈಕೆಯನ್ನು 1972ರಲ್ಲಿ ತಮ್ಮ ತಂಡಕ್ಕೆ ಕರೆದುಕೊಂಡವರು, ಗಣಕದ ‘ಮೌಸ್’ ಕಂಡುಹಿಡಿದ ಡಗ್ಲಸ್ ಎಂಗಲ್‌ಬಾರ್ಟ್. ಅಂದಿನಿಂದ 1989ರವರೆಗೆ ಆಕೆ ಜಾಲದ ದಾಖಲೆಗಳನ್ನು ಕಾಪಾಡಿದರು.

ಆ ಕೇಂದ್ರದಲ್ಲಿ ಎರಡು ಬಗೆಯ ದಾಖಲೆಗಳಿದ್ದವು. ಮೊದಲನೆಯದು ಯಂತ್ರಗಳ ಪಟ್ಟಿ. ಯಂತ್ರಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಯಿಂದ. ಮನುಷ್ಯನಿಗೆ ನೆನಪಿರುವುದು ಹೆಸರು. ಯಾವ ಹೆಸರಿಗೆ ಯಾವ ಸಂಖ್ಯೆ ಎಂಬುದನ್ನು ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು. ಹೊಸ ಯಂತ್ರವನ್ನು ಸೇರಿಸಬೇಕಾದವರು ಕೇಂದ್ರಕ್ಕೆ ತಿಳಿಸಬೇಕು, ಉಳಿದವರು ಆಗಾಗ ಆ ಕಡತದ ಹೊಸ ಪ್ರತಿಯನ್ನು ತರಿಸಿಕೊಳ್ಳಬೇಕು. ಎರಡನೆಯದು ಮನುಷ್ಯರ ಪಟ್ಟಿ. ಜಾಲವನ್ನು ಯಾರು ಬಳಸುತ್ತಾರೆ, ಅವರ ವಿಳಾಸವೇನು, ದೂರವಾಣಿ ಯಾವುದು ಎಂಬುದರ ದಾಖಲೆ. ಈ ಎರಡನೆಯ ಪಟ್ಟಿಯನ್ನು ದೂರದಿಂದಲೇ ಕೇಳಿ ತಿಳಿಯಲು ಮಾಡಿದ ಏರ್ಪಾಡೇ ‘ಹೂಈಸ್’.

1982ರ ಮಾರ್ಚಿನಲ್ಲಿ ಆ ಕೇಂದ್ರದ ಕೆನ್ ಹ್ಯಾರೆನ್‌ಸ್ಟೀನ್ ಮತ್ತು ವಿಕ್ ವೈಟ್ ಇದರ ನಿಯಮವನ್ನು 812ನೆಯ ಸಂಖ್ಯೆಯ ಜಾಲಪತ್ರವಾಗಿ ಪ್ರಕಟಿಸಿದರು. ಹ್ಯಾರೆನ್‌ಸ್ಟೀನ್ ಅವರಿಗೆ ಕಿವಿ ಕೇಳಿಸುವುದಿಲ್ಲ. ಮುಂದೆ 2009ರಲ್ಲಿ ಯೂಟ್ಯೂಬ್ ದೃಶ್ಯಗಳಿಗೆ ತಾನಾಗಿಯೇ ಅಕ್ಷರರೂಪದ ಮಾತು ಮೂಡುವಂತೆ ಮಾಡಿದವರಲ್ಲಿ ಅವರೂ ಒಬ್ಬರು. ಹೂಈಸ್‌ನ ನಿಯಮ ಒಂದು ಮಗುವಿಗೂ ಅರ್ಥವಾಗುವಷ್ಟು ಸರಳ. ಕೇಂದ್ರದ ಯಂತ್ರದ 43ನೆಯ ಬಾಗಿಲನ್ನು ತಟ್ಟಬೇಕು, ಒಂದೇ ಸಾಲಿನಲ್ಲಿ ಹೆಸರನ್ನು ಹೇಳಬೇಕು. ಒಳಗಿನಿಂದ ಉತ್ತರ ಬರುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಕೇಳುವವನು ಯಾರು, ಏಕೆ ಕೇಳುತ್ತಿದ್ದಾನೆ ಎಂದು ಒಳಗಿನವರು ವಿಚಾರಿಸುವುದಿಲ್ಲ. ನನ್ನ ಮೊಮ್ಮಗಳು ಆ ಸಂಜೆ ತಟ್ಟಿದ್ದೂ ಇದೇ 43ನೆಯ ಬಾಗಿಲನ್ನು.

ಅದೇ ಪತ್ರದಲ್ಲಿ ಇನ್ನೊಂದು ಸೂಚನೆಯಿತ್ತು. ಜಾಲದ ಮೂಲಕ ಸಂದೇಶ ಕಳುಹಿಸಬಲ್ಲ ಪ್ರತಿಯೊಬ್ಬರೂ ತಮ್ಮ ಪೂರ್ಣ ಹೆಸರು, ಅಂಚೆ ವಿಳಾಸ, ದೂರವಾಣಿ ಸಂಖ್ಯೆ, ಮಿಂಚಂಚೆ ವಿಳಾಸಗಳನ್ನು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ರಕ್ಷಣಾ ಸಂಪರ್ಕ ವಿಭಾಗವು ಕೋರಿತ್ತು. ಇಂದು ಓದಿದರೆ ಬೆಚ್ಚಿಬೀಳುವಂತಹ ಮಾತು. ಆದರೆ ಅಂದಿನ ಜಾಲವೆಂದರೆ ವಿಶ್ವವಿದ್ಯಾಲಯಗಳ, ಪ್ರಯೋಗಾಲಯಗಳ, ಸೇನಾ ಕಚೇರಿಗಳ ಒಂದು ಸಣ್ಣ ಊರು. ಯಾರದೋ ಯಂತ್ರ ಕೆಟ್ಟು ಇಡೀ ಜಾಲಕ್ಕೆ ತೊಂದರೆಯಾದರೆ, ಅವರಿಗೆ ಕರೆ ಮಾಡಿ “ಸ್ವಲ್ಪ ನೋಡಿ ಸ್ವಾಮಿ” ಎನ್ನಬೇಕಲ್ಲ! ಒಬ್ಬರನ್ನೊಬ್ಬರು ಬಲ್ಲವರ ಊರಿನಲ್ಲಿ ಮನೆಯ ಬಾಗಿಲು ತೆರೆದೇ ಇರುತ್ತದೆ.

ಊರು ಬೆಳೆಯಿತು. ಒಂದೇ ಕಡತದಲ್ಲಿ ಎಲ್ಲ ಯಂತ್ರಗಳ ಹೆಸರನ್ನು ಇಡುವುದು ಅಸಾಧ್ಯವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಇಂದಿನ ಡೊಮೈನ್ ಪದ್ಧತಿಯನ್ನು ರೂಪಿಸಿದರು. ನಮ್ಮ ಅಂಚೆಯಲ್ಲಿ ರಾಜ್ಯ, ಜಿಲ್ಲೆ, ತಾಲೂಕು, ಊರು ಎಂದು ವಿಳಾಸವನ್ನು ಹಂಚಿದಂತೆ, ಹೆಸರುಗಳನ್ನು ಕವಲುಗಳಾಗಿ ಹಂಚಿ, ಆಯಾ ಕವಲಿನ ಲೆಕ್ಕವನ್ನು ಆಯಾ ಕವಲಿನವರೇ ಇಟ್ಟುಕೊಳ್ಳುವಂತೆ ಮಾಡಿದರು. ಅಂದಿನಿಂದ ಒಂದು ಹೆಸರಿನ ಬಗ್ಗೆ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕೇಳಬಹುದಾಯಿತು. ಈ ಹೆಸರು ಎಲ್ಲಿ ವಾಸವಾಗಿದೆ, ಅಂದರೆ ಇದರ ಸಂಖ್ಯೆ ಯಾವುದು ಎಂದು ಕೇಳಲು ‘ಡಿಗ್’, ‘ಎನ್ಎಸ್‌ಲುಕಪ್’ ಎಂಬ ಆದೇಶಗಳಿವೆ. ಈ ಹೆಸರು ಯಾರದು, ಯಾವಾಗ ನೋಂದಾಯಿತು, ಅದರ ಅವಧಿ ಎಂದು ಮುಗಿಯುತ್ತದೆ ಎಂದು ಕೇಳಲು ಹೂಈಸ್. ಮೊದಲನೆಯದು ಮನೆಯ ವಿಳಾಸವಾದರೆ ಎರಡನೆಯದು ಖಾತೆ-ಪಹಣಿ ಎನ್ನಬಹುದು.

‘ಕಾಂ’ ಕವಲಿನಲ್ಲಿ ಮೊದಲು ನೋಂದಾದ ಹೆಸರು ಸಿಂಬಾಲಿಕ್ಸ್ ಎಂಬ ಗಣಕ ಕಂಪನಿಯದು. ದಿನಾಂಕ 15 ಮಾರ್ಚ್ 1985. ನಮ್ಮ ದೇಶದ ‘ಇನ್’ ಕವಲು 1989ರ ಮೇ ತಿಂಗಳಿನಲ್ಲಿ ಸ್ಥಾಪನೆಯಾಯಿತು. ಅದು ಸಾರ್ವಜನಿಕರಿಗೆ ಧಾರಾಳವಾಗಿ ತೆರೆದುಕೊಂಡದ್ದು 2005ರಲ್ಲಿ.

ಹೆಸರಿಗೆ ಬೆಲೆಯಿದೆ ಎಂಬುದು ಬಹಳ ಕಾಲ ಯಾರಿಗೂ ಹೊಳೆದಿರಲಿಲ್ಲ. 1994ರಲ್ಲಿ ಅಮೆರಿಕದ ಪತ್ರಕರ್ತ ಜೋಶುವಾ ಕ್ವಿಟ್ನರ್ ಅವರು ‘ಮೆಕ್‌ಡೊನಾಲ್ಡ್ಸ್’ ಎಂಬ ಹೆಸರು ಯಾರ ವಶದಲ್ಲೂ ಇಲ್ಲವೆಂದು ಕಂಡು, ಆ ಕಂಪನಿಗೆ ತಿಳಿಸಿದರೂ ಅಲ್ಲಿ ಯಾರೂ ಗಮನ ಕೊಡದಿದ್ದಾಗ, ತಾವೇ ಅದನ್ನು ನೋಂದಾಯಿಸಿಕೊಂಡು ‘ವೈರ್ಡ್’ ಪತ್ರಿಕೆಯಲ್ಲಿ ಬರೆದರು. ಕೊನೆಗೆ ಬ್ರೂಕ್ಲಿನ್ನಿನ ಒಂದು ಸರ್ಕಾರಿ ಶಾಲೆಯ ಅಂತರ್ಜಾಲ ಸೌಲಭ್ಯಕ್ಕೆ ಕಂಪನಿಯು ನೆರವು ಕೊಡಬೇಕೆಂಬ ಮಾತಿನ ಮೇಲೆ ಹೆಸರನ್ನು ಬಿಟ್ಟುಕೊಟ್ಟರು. ಮೇಷ್ಟ್ರಾದ ನನಗೆ ಈ ಕಥೆ ಬಲು ಪ್ರಿಯ. ಮರುವರ್ಷವೇ, 1995ರ ಸೆಪ್ಟೆಂಬರಿನಲ್ಲಿ, ಹೆಸರಿನ ನೋಂದಣಿಗೆ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಬಂದಿತು. 1998ರಲ್ಲಿ ಹೆಸರುಗಳ ಮೇಲ್ವಿಚಾರಣೆಗೆ ‘ಐಕ್ಯಾನ್’ ಎಂಬ ಸಂಸ್ಥೆ ಏರ್ಪಟ್ಟಿತು. ಅದುವರೆಗೆ ಜಾಲದ ಸಂಖ್ಯೆಗಳ ಲೆಕ್ಕವನ್ನು ಶ್ರದ್ಧೆಯಿಂದ ಕಾಯ್ದ ಜಾನ್ ಪೋಸ್ಟೆಲ್ ಅದೇ ವರ್ಷದ ಅಕ್ಟೋಬರ್ 16ರಂದು ತೀರಿಕೊಂಡರು. ಸಣ್ಣ ಊರು ಮಹಾನಗರವಾಗಿತ್ತು. ಆದರೆ ನೋಂದಣಿ ಪುಸ್ತಕ ಮಾತ್ರ ಇನ್ನೂ ಬೀದಿಯಲ್ಲೇ ತೆರೆದುಕೊಂಡು ಬಿದ್ದಿತ್ತು. ತನ್ನ ಕವನಗಳಿಗೆಂದು ತಾಣ ತೆರೆದ ಗೃಹಿಣಿಯ ಮನೆಯ ವಿಳಾಸವನ್ನೂ, ದೂರವಾಣಿಯನ್ನೂ ಪ್ರಪಂಚದ ಯಾವ ಮೂಲೆಯವನಾದರೂ ಒಂದು ಸಾಲು ಬೆರಳಚ್ಚಿಸಿ ಪಡೆಯಬಹುದಿತ್ತು.

ಇಲ್ಲಿ ನನ್ನ ಶಾಲೆಯ ಎರಡು ನೆನಪುಗಳನ್ನು ಹೇಳಬೇಕು. ಮುಖ್ಯೋಪಾಧ್ಯಾಯನಾಗಿದ್ದಾಗ ಬೀರುವಿನಲ್ಲಿದ್ದ ದಾಖಲಾತಿ ರಿಜಿಸ್ಟರು ನನ್ನ ಸುಪರ್ದಿನಲ್ಲಿತ್ತು. ಒಮ್ಮೆ ಅರುವತ್ತರ ಹತ್ತಿರದ ರೈತರೊಬ್ಬರು ಬಂದು, ವಯಸ್ಸಿನ ಪುರಾವೆ ಇಲ್ಲದೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುವುದಾಗಿ ಹೇಳಿ ಕೈಮುಗಿದರು. ಹಳೆಯ ಪುಸ್ತಕದ ಹರಿದ ಹಾಳೆಯೊಂದರಲ್ಲಿ ಅವರ ಹೆಸರು ಸಿಕ್ಕಿತು; ಆ ಒಂದು ಸಾಲು ಅವರ ಬದುಕನ್ನು ನೇರ ಮಾಡಿತು. ಇನ್ನೊಮ್ಮೆ ಸಭ್ಯನಂತೆ ಕಾಣುವ ಯುವಕನೊಬ್ಬ ಬಂದು, ಶಾಲೆ ಬಿಟ್ಟುಹೋದ ಹುಡುಗಿಯೊಬ್ಬಳ ವಿಳಾಸ ಕೇಳಿದ. ಸಂಬಂಧಿಕನೆಂದ. ಏಕೆ ಬೇಕೆಂದು ಎರಡು ಸಲ ಕೇಳಿದಾಗ ತಡವರಿಸಿದ. ನಾನು ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಪುಸ್ತಕ ಒಂದೇ, ಕೇಳುವವರು ಬೇರೆ ಬೇರೆ. ಹೂಈಸ್‌ನ ಕೊರತೆ ಇದೇ ಆಗಿತ್ತು. ‘ಏಕೆ?’ ಎಂದು ಕೇಳಬಲ್ಲ ಒಬ್ಬ ಮೇಷ್ಟ್ರು ಅಲ್ಲಿರಲಿಲ್ಲ.

2018ರ ಮೇ 25ರಂದು ಯುರೋಪಿನ ಒಕ್ಕೂಟದಲ್ಲಿ ವ್ಯಕ್ತಿಗಳ ಮಾಹಿತಿ ರಕ್ಷಣೆಯ ಕಾಯಿದೆ ಜಾರಿಗೆ ಬಂದಿತು. ಅದಕ್ಕೆ ಒಂದು ವಾರ ಮುಂಚೆ ಐಕ್ಯಾನ್ ತನ್ನ ನಿಯಮವನ್ನು ಬದಲಿಸಿತು. ಅಂದಿನಿಂದ ಹೂಈಸ್‌ನ ಉತ್ತರದಲ್ಲಿ ಹೆಸರು, ವಿಳಾಸ, ದೂರವಾಣಿ ಇರಬೇಕಾದ ಸಾಲುಗಳಲ್ಲಿ ಸಾಮಾನ್ಯವಾಗಿ ‘ಗೋಪ್ಯತೆಗಾಗಿ ಮುಚ್ಚಿದೆ’ ಎಂಬ ಅರ್ಥದ ಮಾತು ಮಾತ್ರ ಕಾಣುತ್ತದೆ. ಹಾಗೆ ಮುಚ್ಚಿದ್ದರಿಂದ ಎಷ್ಟೋ ಹೆಣ್ಣುಮಕ್ಕಳು, ಪತ್ರಕರ್ತರು, ಸಾಮಾನ್ಯರು ನೆಮ್ಮದಿಯಿಂದ ಉಸಿರಾಡಿದರು. ಅದೇ ಮುಚ್ಚಳದ ಕೆಳಗೆ ನಮ್ಮ ಗಣಿತದ ಮೇಷ್ಟ್ರ ಹಣ ಕದ್ದವನೂ ಅಡಗಿದ. ಆದರೆ ಬಾಗಿಲು ತೆರೆದಿದ್ದ ಕಾಲದಲ್ಲಿಯೂ ಕಳ್ಳನು ತನ್ನ ನಿಜವಾದ ಹೆಸರನ್ನು ಬರೆಸುತ್ತಿದ್ದನೇ? ಸುಳ್ಳು ಹೆಸರು ಬರೆಯಲು ಯಾವ ಕಾಲದಲ್ಲೂ ಕಷ್ಟವಿರಲಿಲ್ಲ. ನಿಜ ಹೇಳಿ ತೊಂದರೆಗೆ ಸಿಲುಕುತ್ತಿದ್ದವರು ಪ್ರಾಮಾಣಿಕರೇ.

ಹೂಈಸ್‌ಗೆ ಇನ್ನೊಂದು ಕುಂದೂ ಇತ್ತು. ಅದು ನಮ್ಮಂಥವರಿಗೆ ಸಂಬಂಧಿಸಿದ್ದು. ಇಂಗ್ಲಿಷ್ ಬಲ್ಲವರ ಊರಿನಲ್ಲಿ ಹುಟ್ಟಿದ್ದರಿಂದ, ಉತ್ತರ ಯಾವ ಲಿಪಿಯಲ್ಲಿದೆ ಎಂದು ಸೂಚಿಸುವ ವ್ಯವಸ್ಥೆಯೇ ಅದಕ್ಕಿರಲಿಲ್ಲ. ಇಂದು ‘.ಭಾರತ’ ಎಂದು ಕನ್ನಡದಲ್ಲಿಯೇ ಕೊನೆಗೊಳ್ಳುವ ಹೆಸರುಗಳಿಗೂ ಜಾಲದ ಮೂಲಪಟ್ಟಿಯಲ್ಲಿ ಸ್ಥಾನವಿದೆ. ಹೊಸದಾಗಿ ಬಂದಿರುವ ‘ಆರ್‌ಡ್ಯಾಪ್’ ಎಂಬ ಪದ್ಧತಿಯು ಲೋಕದ ಎಲ್ಲ ಲಿಪಿಗಳನ್ನೂ ಬಲ್ಲದು. ಅಷ್ಟೇ ಅಲ್ಲ, ಕೇಳುವವನು ಯಾರೆಂದು ತಿಳಿದು ಅವನ ಅರ್ಹತೆಗೆ ತಕ್ಕಷ್ಟು ಮಾತ್ರ ಉತ್ತರ ಕೊಡಲು ಅದರಲ್ಲಿ ಅವಕಾಶವಿದೆ. 2025ರ ಜನವರಿ 28ರಿಂದ ‘ಕಾಂ’ ಮೊದಲಾದ ಸಾಮಾನ್ಯ ಕವಲುಗಳ ನೋಂದಣಿ ಸಂಸ್ಥೆಗಳು ಹಳೆಯ ಹೂಈಸ್ ಸೇವೆಯನ್ನು ನಡೆಸಲೇಬೇಕೆಂಬ ಕಡ್ಡಾಯವಿಲ್ಲ. ಕೆಲವು ಕಡೆ ಆ ಹಳೆಯ ಬಾಗಿಲು ಇನ್ನೂ ತೆರೆಯುತ್ತದೆ, ಕೆಲವು ಕಡೆ ಮುಚ್ಚುತ್ತಿದೆ. ನಾನು ಬೀರುವಿಗೆ ಬೀಗ ಹಾಕುವ ಮುಂಚೆ ಕೇಳಿದ ‘ಏಕೆ?’ ಎಂಬ ಪ್ರಶ್ನೆಯನ್ನು ಯಂತ್ರಕ್ಕೆ ಕಲಿಸಲು ಸುಮಾರು ನಲವತ್ತು ವರ್ಷ ಬೇಕಾಯಿತು.

ಮೇಷ್ಟ್ರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಯಂತ್ರ ‘ಯಾರು’ ಎಂಬುದನ್ನು ನಮಗೆ ಹೇಳುವುದಿಲ್ಲ. ಅದನ್ನು ಪತ್ತೆಮಾಡುವುದು ಪೊಲೀಸರ ಕೆಲಸ. ಆದರೆ ‘ಎಂದಿನಿಂದ’ ಎಂಬುದನ್ನು ಎಲ್ಲರಿಗೂ ಹೇಳುತ್ತದೆ. ಸರ್ಕಾರದ ಹೆಸರು ಹೇಳಿಕೊಂಡು ಬಂದ ತಾಣ ಹುಟ್ಟಿ ಒಂಬತ್ತೇ ದಿನವಾಗಿದ್ದರೆ ಅಷ್ಟೇ ಸಾಕು. ಹಾಗೆಂದು ಹಳೆಯ ದಿನಾಂಕವಿದ್ದ ಮಾತ್ರಕ್ಕೆ ತಾಣ ಸಾಚಾ ಎಂದಲ್ಲ. ಹಳೆಯ ಹೆಸರನ್ನು ಕೊಂಡು ಮೋಸ ಮಾಡುವವರೂ ಇದ್ದಾರೆ. ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡುವ ‘ಗವ್ ಡಾಟ್ ಇನ್’ ಎಂಬ ಕೊನೆ ಹೆಸರಿನಲ್ಲಿದೆಯೇ ಎಂಬುದನ್ನೂ ನೋಡಬೇಕು.

ಹೋದ ಹಣದಲ್ಲಿ ಸ್ವಲ್ಪ ಭಾಗ ಬ್ಯಾಂಕಿನಲ್ಲೇ ತಡೆಹಿಡಿಯಲ್ಪಟ್ಟು ಮೇಷ್ಟ್ರಿಗೆ ಮರಳಿ ಬಂತು; ಉಳಿದದ್ದು ಬರಲಿಲ್ಲ. ಕಳೆದ ತಿಂಗಳು ನಮ್ಮ ನಿವೃತ್ತ ನೌಕರರ ಸಂಘದ ಸಭೆಯಲ್ಲಿ ಅವರೇ ಎದ್ದು ನಿಂತು, ಯಾವ ಮುಚ್ಚುಮರೆಯೂ ಇಲ್ಲದೆ, ತಾವು ಮೋಸ ಹೋದದ್ದನ್ನು ಹೇಳಿದರು. ಜೇಬಿನಿಂದ ಚೌಕುಳಿ ಹಾಳೆಯೊಂದನ್ನು ತೆಗೆದು, ಮೊಮ್ಮಗಳು ಬರೆದುಕೊಟ್ಟಿದ್ದ ಆ ಒಂದು ಸಾಲಿನ ಆದೇಶವನ್ನು ಕಪ್ಪುಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದರು. ಬರೆದು ಮುಗಿಸಿ ಹಿಂದಿರುಗಿ ನೋಡಿದಾಗ, ಮುಂದಿನ ಸಾಲಿನಲ್ಲಿದ್ದ ಇಬ್ಬರು ಮೆಲ್ಲನೆ ಕೈಯೆತ್ತಿದರು. ತಮಗೂ ಅಂಥದೇ ಸಂದೇಶ ಬಂದಿತ್ತೆಂದೂ, ಯಾರಿಗೂ ಹೇಳಿರಲಿಲ್ಲವೆಂದೂ ಅವರು ಅಂದರು.