ಮುಂದೂಡಿಕೆಯ ರಾಜಕಾರಣ: ಕರ್ನಾಟಕದ ಜಿಲ್ಲಾ ಪಂಚಾಯಿತಿಗಳು ಮತ್ತು ಬೆಂಗಳೂರು ಪಾಲಿಕೆ

ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಸಲ ಸಾರ್ವತ್ರಿಕ ಮತದಾನ ನಡೆದದ್ದು 2016ರ ಫೆಬ್ರವರಿಯಲ್ಲಿ. ಆಗ ಗೆದ್ದವರ ಐದು ವರ್ಷದ ಅವಧಿ 2021ರ ಬೇಸಿಗೆಗೆ ಮುಗಿಯಿತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ 2015ರ ಆಗಸ್ಟ್‌ನಲ್ಲಿ ಆಯ್ಕೆಯಾದ ಸದಸ್ಯರು 2020ರ ಸೆಪ್ಟೆಂಬರ್‌ನಲ್ಲಿ ಮಾಜಿಗಳಾದರು. ಎರಡೂ ಕಡೆ ನಾಲ್ಕು ವರ್ಷಕ್ಕೂ ಮಿಕ್ಕಿದ ಕಾಲ ಆಡಳಿತಾಧಿಕಾರಿಗಳದೇ ಕಾರುಬಾರು ನಡೆದಿದೆ. ಸಂವಿಧಾನದ 243ಇ ಮತ್ತು 243ಯು ವಿಧಿಗಳಲ್ಲಿ ಇದಕ್ಕೆ ಅವಕಾಶವಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕು. ಆರು ತಿಂಗಳ ಗಡುವು ಇರುವುದು ಅವಧಿಗೆ ಮುನ್ನ ವಿಸರ್ಜನೆಯಾದ ಸಂಸ್ಥೆಗಳಿಗೆ ಮಾತ್ರ. ಈ ವಿಳಂಬವನ್ನು ಸಾಮಾನ್ಯವಾಗಿ ತಾಂತ್ರಿಕ ತೊಡಕು, ಅಧಿಕಾರಿಗಳ ಆಲಸ್ಯ ಅಥವಾ ಒಂದು ಪಕ್ಷದ ಸೋಲಿನ ಭಯ ಎಂದು ವಿವರಿಸಲಾಗುತ್ತದೆ. ಈ ಮೂರೂ ವಿವರಣೆಗಳು ಸಾಲವು. ಮುಂದೂಡಿಕೆ ರಾಜ್ಯದ ಆಡಳಿತದಲ್ಲಿ ಬೇರೂರಿದ ಒಂದು ಪದ್ಧತಿ. ಅದರ ಫಲ ಪಕ್ಷಭೇದವಿಲ್ಲದೆ ಶಾಸಕರಿಗೆ ಸಲ್ಲುತ್ತದೆ ಎಂಬುದು ಇಲ್ಲಿನ ವಾದ.

ಈ ಪದ್ಧತಿ ಇತ್ತೀಚಿನದಲ್ಲ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯ್ದೆ ರಾಷ್ಟ್ರಪತಿಗಳ ಅಂಕಿತ ಪಡೆದು, 1987ರ ಜನವರಿಯಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು ಮತ್ತು ಮಂಡಲ ಪಂಚಾಯಿತಿಗಳು ಹುಟ್ಟಿದವು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು. ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಸೇವೆಯಲ್ಲಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಜಿಲ್ಲೆಯಲ್ಲಿ ಶಾಸಕರಿಗಿಂತ ಎತ್ತರದ ಚುನಾಯಿತ ಕುರ್ಚಿಯೊಂದನ್ನು ಕಾಯ್ದೆಯೇ ಹಾಕಿಕೊಟ್ಟದ್ದು ಅದೇ ಮೊದಲು. ಆ ಐದು ವರ್ಷಗಳನ್ನು ಸುವರ್ಣಯುಗವೆಂದು ಬಣ್ಣಿಸುವವರಿದ್ದಾರೆ. ಅಷ್ಟೊಂದು ಹೊಗಳಿಕೆ ಬೇಕಿಲ್ಲ, ಜಾತಿಬಲ ಹಣಬಲಗಳು ಅಲ್ಲಿಯೂ ಇದ್ದವು. ಗಮನಿಸಬೇಕಾದದ್ದು ಆಮೇಲೆ ಆದದ್ದನ್ನು. 1992ರಲ್ಲಿ ಅವಧಿ ಮುಗಿದಾಗ ಮರುಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೇ, 1993ರ ಮೇ ತಿಂಗಳಲ್ಲಿ, ಹೊಸ ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ತಂದು ರಾಜ್ಯ ದೇಶಕ್ಕೇ ಮುಂಚೂಣಿಯಲ್ಲಿ ನಿಂತಿತು. ಆದರೆ ಆ ಕಾಯ್ದೆಯಡಿ ಗ್ರಾಮ ಪಂಚಾಯಿತಿಗಳಿಗೆ ಅದೇ ವರ್ಷಾಂತ್ಯದಲ್ಲಿ ಚುನಾವಣೆ ನಡೆದರೆ, ತಾಲ್ಲೂಕು ಮತ್ತು ಜಿಲ್ಲೆಯ ಸರದಿ ಬಂದದ್ದು 1995ರಲ್ಲಿ. ಬೆಂಗಳೂರಿನ ಕಥೆಯೂ ಇದೇ ಜಾಡಿನದು: 2006ರ ನವೆಂಬರ್‌ನಲ್ಲಿ ಹಳೆಯ ಪಾಲಿಕೆಯ ಅವಧಿ ಮುಗಿದ ಮೇಲೆ, ಸುತ್ತಲಿನ ನಗರಸಭೆಗಳನ್ನೂ ಹಳ್ಳಿಗಳನ್ನೂ ಸೇರಿಸಿ ಬೃಹತ್ ಪಾಲಿಕೆ ಮಾಡಲಾಯಿತು. ಮತದಾನಕ್ಕೆ 2010ರ ಮಾರ್ಚ್ ಬರಬೇಕಾಯಿತು. ಈ ಅವಧಿಗಳಲ್ಲಿ ಕಾಂಗ್ರೆಸ್, ಜನತಾದಳ, ಬಿಜೆಪಿ ಎಲ್ಲವೂ ಅಧಿಕಾರದಲ್ಲಿದ್ದವು. ಸೋಲಿನ ಭಯ ಒಂದು ಸರ್ಕಾರವನ್ನು ವಿವರಿಸೀತು, ಮೂವತ್ತು ವರ್ಷಗಳನ್ನಲ್ಲ.

2021ರ ನಂತರದ ಬೆಳವಣಿಗೆಗಳಲ್ಲಿ ಈ ಪದ್ಧತಿಯ ಒಳಗಿನ ಯಂತ್ರ ಸ್ಪಷ್ಟವಾಗಿ ಕಾಣುತ್ತದೆ. ರಾಜ್ಯ ಚುನಾವಣಾ ಆಯೋಗ ಆ ವರ್ಷ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಕ್ಷೇತ್ರಗಳನ್ನು ಪುನರ್‌ವಿಂಗಡಿಸಿ, ಮೀಸಲಾತಿಯ ಕರಡು ಪಟ್ಟಿಯನ್ನೂ ಹೊರಡಿಸಿತ್ತು. ಉಳಿದದ್ದು ಆಕ್ಷೇಪಣೆಗಳ ವಿಲೇವಾರಿ ಮತ್ತು ದಿನಾಂಕ. ಅಷ್ಟರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಆಯೋಗದ ಕೈಯಿಂದ ತೆಗೆದು ಪ್ರತ್ಯೇಕ ಸೀಮಾ ನಿರ್ಣಯ ಆಯೋಗವೊಂದಕ್ಕೆ ಕೊಟ್ಟಿತು. ಕೆಲಸ ಮತ್ತೆ ಮೊದಲಿನಿಂದ. ವಿಷಯ ಹೈಕೋರ್ಟಿಗೆ ಹೋಯಿತು; ಸರ್ಕಾರ ಮತ್ತೆ ಮತ್ತೆ ಕಾಲಾವಕಾಶ ಕೇಳಿತು; 2022ರ ಕೊನೆಯಲ್ಲಿ ನ್ಯಾಯಾಲಯ 5 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಒಂದು ಸರ್ಕಾರಕ್ಕೆ ಅದು ಎಷ್ಟು ಅಗ್ಗದ ಬೆಲೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನಲ್ಲಿ 198 ವಾರ್ಡುಗಳಿಗೆ ಚುನಾವಣೆ ನಡೆಸಿ ಎಂದು ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು, ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ ಬಂತು. ವಾರ್ಡುಗಳು 243 ಆದವು. ಮೀಸಲಾತಿ ಪಟ್ಟಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಸರ್ಕಾರ ಬದಲಾದ ಮೇಲೆ 225 ಆದವು. ಕೊನೆಗೆ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರಲ್ಲಿ ಜಾರಿಗೆ ಬಂದು, ಅದರಡಿ ಪಾಲಿಕೆಯನ್ನೇ ಐದಾಗಿ ಒಡೆಯಲಾಯಿತು. ಇಲ್ಲಿನ ಒಂದೊಂದು ಹೆಜ್ಜೆಗೂ ಒಂದೊಂದು ಸಮರ್ಥನೆ ಇದೆ, ಕೆಲವು ಒಪ್ಪತಕ್ಕವೂ ಹೌದು. ಆದರೆ ಪ್ರತಿ ಹೆಜ್ಜೆಯ ಫಲಿತಾಂಶ ಮಾತ್ರ ಒಂದೇ: ಹೊಸ ಗಡಿ, ಹೊಸ ಪಟ್ಟಿ, ಹೊಸ ಆಕ್ಷೇಪಣೆ, ಹೊಸ ದಾವೆ. ಗಡಿ ಎಳೆಯುವ ಅಧಿಕಾರ ಸರ್ಕಾರದ ಬಳಿ ಇರುವಷ್ಟು ಕಾಲ ಚುನಾವಣೆಯನ್ನು ಬಹಿರಂಗವಾಗಿ ರದ್ದುಮಾಡುವ ಅಗತ್ಯವೇ ಬೀಳುವುದಿಲ್ಲ.

ಸಾಂಕ್ರಾಮಿಕದ ಕಾರಣ ಹೇಳುವವರಿಗೆ ಉತ್ತರ ಸುಲಭ. ಕೋವಿಡ್ ನಡುವೆಯೇ, 2020ರ ಡಿಸೆಂಬರ್‌ನಲ್ಲಿ, ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಎರಡು ಹಂತದ ಮತದಾನ ನಡೆಯಿತು. 2021ರ ಡಿಸೆಂಬರ್‌ನಲ್ಲಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಿಂದ ವಿಧಾನ ಪರಿಷತ್ತಿನ 25 ಸ್ಥಾನಗಳಿಗೂ ಚುನಾವಣೆಯಾಯಿತು. ಮತ ಹಾಕಬೇಕಿದ್ದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರು ಆ ಹೊತ್ತಿಗೆ ಅಸ್ತಿತ್ವದಲ್ಲೇ ಇರಲಿಲ್ಲ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ಗ್ರಾಮ ಪಂಚಾಯಿತಿಗಳಿಗೂ ಕೆಲವು ತಿಂಗಳು ಆಡಳಿತಾಧಿಕಾರಿಗಳು ಬಂದಿದ್ದರು ನಿಜ, ಆದರೆ ತಿಂಗಳುಗಳ ತಡಕ್ಕೂ ವರ್ಷಗಳ ತಡಕ್ಕೂ ಇರುವ ಅಂತರವೇ ಇಲ್ಲಿ ಮುಖ್ಯ ಸಾಕ್ಷ್ಯ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಅದರ ಸದಸ್ಯ ಶಾಸಕನಿಗೆ ಪ್ರತಿಸ್ಪರ್ಧಿಯಲ್ಲ, ಬೂತಿನ ಕಾರ್ಯಕರ್ತ. ಜಿಲ್ಲಾ ಪಂಚಾಯಿತಿ ಸದಸ್ಯ ಹಾಗಲ್ಲ. ಪಕ್ಷದ ಟಿಕೆಟ್ ಪಡೆದು, ಹತ್ತಾರು ಹಳ್ಳಿಗಳಲ್ಲಿ ಗೆದ್ದು ಬಂದವನು ಮುಂದಿನ ವಿಧಾನಸಭೆ ಟಿಕೆಟ್ಟಿಗೆ ಕಣ್ಣಿಟ್ಟವನು. ಅಂಥ ಮಧ್ಯದ ಹಂತ ಖಾಲಿಯಿದ್ದಾಗ ತಾಲ್ಲೂಕಿನ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ (ಕೆಡಿಪಿ) ಸಭೆಯಲ್ಲಿ ಶಾಸಕರ ಎದುರು, ಜಿಲ್ಲೆಯ ಸಭೆಯಲ್ಲಿ ಉಸ್ತುವಾರಿ ಸಚಿವರ ಎದುರು ಚುನಾಯಿತ ಎದುರಾಳಿ ಕೂರುವುದಿಲ್ಲ. ಕಾಮಗಾರಿಯ ಪಟ್ಟಿ, ಗುದ್ದಲಿ ಪೂಜೆಯ ಫೋಟೊ, ಗುತ್ತಿಗೆದಾರನ ಸಲಾಮು ಎಲ್ಲವೂ ಒಂದೇ ಬಾಗಿಲಿಗೆ ಬರುತ್ತವೆ.

ಹಿಂದುಳಿದ ವರ್ಗಗಳ ಮೀಸಲಾತಿಯ ಆಕ್ಷೇಪ ಇದಕ್ಕಿಂತ ತೂಕದ್ದು. ಸ್ಥಳೀಯ ಸಂಸ್ಥೆಗಳಲ್ಲಿ ಈ ಮೀಸಲಾತಿ ಕೊಡುವ ಮೊದಲು ಆಯೋಗವೊಂದು ರಾಜಕೀಯ ಹಿಂದುಳಿದಿರುವಿಕೆಯನ್ನು ಪರಿಶೀಲಿಸಬೇಕು, ಒಟ್ಟು ಮೀಸಲಾತಿ ಶೇ 50 ಮೀರಬಾರದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಮಹಾರಾಷ್ಟ್ರದ ಪ್ರಕರಣದಲ್ಲಿ ವಿಧಿಸಿತು. ಆ ಪರೀಕ್ಷೆ ದಾಟದೆ ಚುನಾವಣೆ ನಡೆಸಿದ್ದರೆ ಸಾವಿರಾರು ಹಿಂದುಳಿದ ವರ್ಗದವರು ಸ್ಥಾನ ಕಳೆದುಕೊಳ್ಳುತ್ತಿದ್ದರು. ಈ ಕಾಳಜಿಯನ್ನು ನೆಪವೆಂದು ತಳ್ಳಿಹಾಕುವುದು ಅನ್ಯಾಯ. ಆದರೆ ಇದಕ್ಕಾಗಿ ರಚಿಸಿದ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಆಯೋಗ 2022ರ ಜುಲೈನಲ್ಲೇ ವರದಿ ಕೊಟ್ಟಿತು. ಅದಾದ ಮೇಲೂ ವರ್ಷಗಳು ಉರುಳಿವೆ. ಪರೀಕ್ಷೆ ಮುಗಿಯದಿದ್ದರೂ ಚುನಾವಣೆ ನಿಲ್ಲಬಾರದು ಎಂದು ಅದೇ ನ್ಯಾಯಾಲಯ 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಹೇಳಿತ್ತು. ಪಕ್ಷಗಳು ಬೇಕಿದ್ದರೆ ಸಾಮಾನ್ಯ ಸ್ಥಾನಗಳಲ್ಲೂ ಹಿಂದುಳಿದವರಿಗೆ ಟಿಕೆಟ್ ಕೊಡಬಹುದಿತ್ತು. ಚುನಾವಣೆಯೇ ಇಲ್ಲದ ಜಿಲ್ಲಾ ಪಂಚಾಯಿತಿಯಲ್ಲಿ ಹಿಂದುಳಿದವರ ಪಾಲು ಸೊನ್ನೆ, ಮಹಿಳೆಯರಿಗೆಂದು ಕಾಯ್ದೆ ಕೊಟ್ಟ ಅರ್ಧ ಪಾಲೂ ಸೊನ್ನೆ.

ಇನ್ನೊಂದು ವಾದ ಬಾಯಿಬಿಟ್ಟು ಹೇಳುವವರಿಗಿಂತ ಮನಸ್ಸಿನಲ್ಲಿ ಒಪ್ಪುವವರೇ ಹೆಚ್ಚು: ಸದಸ್ಯರಿಲ್ಲದಿದ್ದರೂ ಸಂಬಳ ಬರುತ್ತಿದೆ, ಶಾಲೆ ನಡೆಯುತ್ತಿದೆ, ನಷ್ಟವೇನು? ಹದಿನೈದನೇ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಸಂಸ್ಥೆ ಇರಬೇಕೆಂಬ ಷರತ್ತಿತ್ತು ಎಂಬುದು ಲೆಕ್ಕದ ಉತ್ತರ. ಹೆಚ್ಚು ಗಂಭೀರವಾದ ನಷ್ಟ ಬೇರೆ. ಬೀದಿ ಲೈಟಿಗೂ ಪಡಿತರ ಚೀಟಿಗೂ ಶಾಸಕರ ಮನೆ ಮುಂದೆ ನಿಲ್ಲುವುದು ಜನರಿಗೆ ಎಷ್ಟು ರೂಢಿಯಾಗಿದೆಯೆಂದರೆ, ಈ ಮುಂದೂಡಿಕೆಯ ವಿರುದ್ಧ ಹಳ್ಳಿಗಳಿಂದ ದೊಡ್ಡ ಪ್ರತಿಭಟನೆಯೇ ಏಳಲಿಲ್ಲ. ಈ ಮೌನವನ್ನು ಒಪ್ಪಿಗೆಯೆಂದು ಓದುವುದು ಅವಸರದ ತೀರ್ಮಾನ. ಮುಂದೂಡಿಕೆಯೇ ಆ ಮೌನವನ್ನು ಬೆಳೆಸಿದೆ ಎಂಬುದು ಹೆಚ್ಚು ಸಂಭವನೀಯ. 2025ರ ಕಾಯ್ದೆಯಡಿ ರಚನೆಯಾದ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರಾದದ್ದು ಅದೇ ರೂಢಿಯ ಶಾಸನರೂಪ.

ಯಾರೋ ಕೂತು ಸಂಚು ಮಾಡಿದರೆಂದು ಈ ಲೇಖನ ವಾದಿಸುತ್ತಿಲ್ಲ. ಅಂಥ ಪುರಾವೆ ಇಲ್ಲ, ಬೇಕಾಗಿಯೂ ಇಲ್ಲ. ಲಾಭ ಎಲ್ಲರಿಗೂ ಹಂಚಿಹೋದಾಗ ಸಂಚಿನ ಅಗತ್ಯವಿರುವುದಿಲ್ಲ. ನೆರೆಯ ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರ ವಿಂಗಡಣೆಯ ಆಯೋಗಕ್ಕೆ ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರು. ಅಲ್ಲಿ 2010, 2015, 2020ರಲ್ಲಿ ಐದೈದು ವರ್ಷಕ್ಕೆ ಮತದಾನ ನಡೆದಿದೆ, ಎಡರಂಗವೂ ಐಕ್ಯರಂಗವೂ ಅಧಿಕಾರದಲ್ಲಿ ಅದಲುಬದಲಾದ ಕಾಲದಲ್ಲೇ. ಕೇರಳದ ಶಾಸಕರು ನಮ್ಮವರಿಗಿಂತ ಉದಾರಿಗಳೆಂದು ಇದರ ಅರ್ಥವಲ್ಲ. ಗೆರೆ ಎಳೆಯುವ ಪೆನ್ಸಿಲ್ ಅವರ ಕೈಯಲ್ಲಿಲ್ಲ. ಕರ್ನಾಟಕದಲ್ಲಿ ನ್ಯಾಯಾಲಯದ ಒತ್ತಡಕ್ಕೆ ಇಂದಲ್ಲ ನಾಳೆ ಚುನಾವಣೆ ನಡೆದೀತು, ಅದರಿಂದ ಈ ವಾದ ಸುಳ್ಳಾಗುವುದಿಲ್ಲ. 1995ರಲ್ಲೂ 2010ರಲ್ಲೂ ಕೊನೆಗೆ ನಡೆದೇ ಇತ್ತು. 2021ರ ತಿದ್ದುಪಡಿಯನ್ನು ಹಿಂದಕ್ಕೆ ಪಡೆಯದೆಯೂ, ಈಗ ಬಾಕಿಯಿರುವ ಚುನಾವಣೆಯಲ್ಲಿ ಗೆದ್ದವರ ಅವಧಿ ಮುಗಿಯುವ ಮುನ್ನ ಅದರ ಮುಂದಿನ ಚುನಾವಣೆ ನಡೆದರೆ, ಆಗ ಇಲ್ಲಿನ ತರ್ಕವನ್ನು ಕೈಬಿಡಬೇಕಾಗುತ್ತದೆ.