ಎಕ್ಕದ ಹಾಲು, ರಾಗಿ ಮುದ್ದೆ, ಅಳಲೆಕಾಯಿ

ಬೆಂಗಳೂರಿನ ಕಾಡುಗೋಡಿಯ ಸುತ್ತ ಈಗ ಸಾಫ್ಟ್‌ವೇರ್ ಕಚೇರಿಗಳಿವೆ, ಮೆಟ್ರೊ ಇದೆ. 1800ರಲ್ಲಿ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿಗೆ ಬಂದಾಗ ಈ ಸೀಮೆಯ ತುಂಬ ರಾಗಿ ಹೊಲ, ಕುರಿ ಹಿಂಡು. ಚರ್ಮ ಹದ ಮಾಡುವುದು ಆಗ ಮಾದಿಗ ಸಮುದಾಯದವರ ಕಸುಬಾಗಿತ್ತು. ಅವರ ಕ್ರಮವನ್ನು ಅವನು ಬಿಡಿಸಿ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಅದಿದೆ.

ಕುರಿ, ಮೇಕೆಯ ಹಸಿ ಚರ್ಮವನ್ನು ಮೊದಲು ತೊಳೆಯಬೇಕು. ಎಕ್ಕದ ಹಾಲು, ಉಪ್ಪು, ರಾಗಿ ಮುದ್ದೆ ಕಲಸಿ ಕೂದಲಿರುವ ಕಡೆಗೆ ತಿಕ್ಕಬೇಕು. ಮೂರು ದಿನ ಬಿಸಿಲಿಗೆ ಹಾಕಿ, ಬಟ್ಟೆ ಒಗೆಯುವಂತೆ ಕಲ್ಲಿಗೆ ಬಡಿದರೆ ಕೂದಲು ಉದುರುತ್ತದೆ. ಹೌದು, ಉಣ್ಣುವ ಮುದ್ದೆಯೇ! ಆಮೇಲೆ ಅಳಲೆಕಾಯಿ ಪುಡಿ ಹಾಕಿದ ಬಿಸಿನೀರಿನ ಮಡಕೆಯಲ್ಲಿ ಮತ್ತೆ ಮೂರು ದಿನ. ಅಳಲೆಯ ಒಗರು ಚರ್ಮದ ನಾರಿಗೆ ಅಂಟಿಕೊಂಡು ಕೊಳೆಯದಂತೆ ಕಾಯುತ್ತದೆ. ಕಪ್ಪು ಬಣ್ಣ ಬೇಕೆಂದರೆ ಹಳೆ ಕಬ್ಬಿಣ, ಕುಲುಮೆಯ ಕಿಟ್ಟ, ಬಾಳೆ ಸಿಪ್ಪೆ, ರಾಗಿ ಗಂಜಿ ಸೇರಿಸಿ ಎಂಟು ದಿನ ಇಡುತ್ತಿದ್ದರು. ಆ ನೀರು ಸವರಿದೊಡನೆ ಚರ್ಮ ಕಪ್ಪಾಗುತ್ತಿತ್ತು. ಇದು ರಸಾಯನಶಾಸ್ತ್ರವಲ್ಲದೆ ಇನ್ನೇನು?

ದನದ ದಪ್ಪ ತೊಗಲಿಗೆ ಸುಣ್ಣ, ತಂಗಡಿ ಕಡ್ಡಿ. ಹಳದಿ ಹೂವಿನ ಆ ಗಿಡ ಕೋಲಾರದ ಕಡೆ ಬಯಲಲ್ಲಿ ಇಂದಿಗೂ ಉಂಟು.

ಮುಂದೆ ಕಸುಬು ಮನೆಯಂಗಳ ಬಿಟ್ಟು ಕಾರ್ಖಾನೆ ಸೇರಿತು. ಬೆಂಗಳೂರಿನ ಟ್ಯಾನರಿ ರಸ್ತೆಯ ಹೆಸರು ಅದರದೇ ಗುರುತು. ಈ ಹಳೆಯ ಕ್ರಮವನ್ನು ಮೊಲದ ತೊಗಲಿಗೆ ಬಳಸುವುದಾದರೆ ಒಂದು ಮಾತು: ಸಾಕಿದ ಮೊಲದ ತೊಗಲು ತೆಳು, ತುಪ್ಪಳ ಉಳಿಸಿ ಹದ ಮಾಡುವವರು ಎಕ್ಕದ ಹಾಲಿನ ಹಂತವನ್ನು ಬಿಡಲೇಬೇಕು. ಕಾಡುಮೊಲದ ಮಾತೇ ಬೇರೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಬೇಟೆಯಾಡುವುದು ಅಪರಾಧ.