ಸಾರ್ವಜನಿಕ ವಿಜ್ಞಾನೋಪನ್ಯಾಸ

ನಡೆಯುತ್ತಿರುವ ಸಂಶೋಧನೆಯನ್ನು, ಆ ಶಾಸ್ತ್ರದ ಪರಿಚಯವಿಲ್ಲದ ಸಭಿಕರಿಗೆ ಬಲ್ಲವರು ತಿಳಿಸಿ ಹೇಳುವ ಭಾಷಣ. ಇದಕ್ಕೆ ಸ್ಥಿರವಾದ ರೂಪ ಕೊಟ್ಟದ್ದು 1799ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರಾಯಲ್ ಇನ್‌ಸ್ಟಿಟ್ಯೂಷನ್. ರಸಾಯನವಿಜ್ಞಾನಿ ಹಂಫ್ರಿ ಡೇವಿಯವರ ಮಾತು ಕೇಳಲು ಅಲ್ಲಿ ಜನ ಕಿಕ್ಕಿರಿದು ಸೇರುತ್ತಿದ್ದರು. ಅವರ ಶಿಷ್ಯ ಮೈಕೆಲ್ ಫ್ಯಾರಡೆ 1825ರ ಸುಮಾರಿಗೆ ಶುಕ್ರವಾರ ಸಂಜೆಯ ಉಪನ್ಯಾಸಗಳನ್ನು ಆರಂಭಿಸಿದರು. ಎಳೆಯರಿಗಾಗಿ ನಡೆಯುವ ಕ್ರಿಸ್‌ಮಸ್ ಉಪನ್ಯಾಸಗಳೂ ಆಗಲೇ ಶುರುವಾದವು. ಪ್ರಯೋಗಾಲಯದಲ್ಲಿ ಸಿದ್ಧವಾದ ಜ್ಞಾನವನ್ನು ತೆಳುಮಾಡಿ ಹಂಚುವ ಕೆಲಸ ಇದು ಎಂಬ ಭಾವನೆ ವ್ಯಾಪಕವಾಗಿದೆ. ಈ ಪರಂಪರೆಯ ಇತಿಹಾಸವನ್ನು ನೋಡಿದರೆ ಆ ಭಾವನೆ ನಿಲ್ಲುವುದಿಲ್ಲ. ಒಳ್ಳೆಯ ಉಪನ್ಯಾಸ ತೀರ್ಮಾನದ ಜೊತೆಗೆ ಅದಕ್ಕಿರುವ ಸಾಕ್ಷ್ಯವನ್ನೂ ಸಭೆಯ ಕಣ್ಣೆದುರು ಇಡುತ್ತದೆ; ಹಾಗೆ ಇಟ್ಟಾಗ ಅದು ವಿಜ್ಞಾನದ ಕೆಲಸದ್ದೇ ಒಂದು ಭಾಗವಾಗುತ್ತದೆ.

ಮೇಣದಬತ್ತಿಯನ್ನು ಕುರಿತ ಫ್ಯಾರಡೆಯವರ ಉಪನ್ಯಾಸಮಾಲೆಯನ್ನೇ (1848, 1860–61) ನೋಡಬಹುದು. ಉರಿಯುವುದು ಮೇಣದ ಆವಿ ಎಂದು ಅವರು ಬರಿದೆ ಹೇಳಿ ಮುಗಿಸಲಿಲ್ಲ. ಬತ್ತಿಯನ್ನು ಮೆಲ್ಲಗೆ ಆರಿಸಿ, ಮೇಲೇಳುವ ಆವಿಯ ಎಳೆಗೆ ಎರಡು ಮೂರು ಅಂಗುಲ ದೂರದಿಂದ ಉರಿ ತಾಗಿಸಿದರು; ಕಿಚ್ಚು ಆ ಆವಿಯಲ್ಲೇ ಹಾದು ಬತ್ತಿಯನ್ನು ಮತ್ತೆ ಹೊತ್ತಿಸಿತು. ಬಾಗಿದ ಗಾಜಿನ ನಳಿಗೆಯ ಒಂದು ತುದಿಯನ್ನು ಜ್ವಾಲೆಯ ನಡುವಣ ಕಪ್ಪು ಭಾಗಕ್ಕೆ ಹಿಡಿದು, ಅಲ್ಲಿನ ಆವಿ ಇನ್ನೊಂದು ತುದಿಯಲ್ಲಿ ಉರಿಯುವುದನ್ನೂ ತೋರಿಸಿದರು. ಸರಳಗೊಳಿಸಿದರೆ ವಿಜ್ಞಾನ ಕೆಡುತ್ತದೆ ಎನ್ನುವವರಿಗೆ ಉತ್ತರ ಇಲ್ಲೇ ಇದೆ: ಗಣಿತವನ್ನೂ ಪರಿಭಾಷೆಯನ್ನೂ ಬಿಡುವುದು ಬೇರೆ, ಸಾಕ್ಷ್ಯವನ್ನು ಬಿಡುವುದು ಬೇರೆ. ಕ್ವಾಂಟಂ ಸಿದ್ಧಾಂತದಂಥ ಗಣಿತಪ್ರಧಾನ ವಿಷಯಗಳಲ್ಲಿ ಈ ದಾರಿ ಕಷ್ಟದ್ದು, ನಿಜ. ಅಲ್ಲಿಯೂ ಯಾವ ಅಳತೆ ಯಾವ ಊಹೆಯನ್ನು ತಳ್ಳಿಹಾಕಿತು ಎಂಬುದನ್ನು ಹೇಳಲು ಬರುತ್ತದೆ.

ಇನ್ನೂ ಗಟ್ಟಿಯಾಗದ ಸಂಶೋಧನೆಯನ್ನು ಜನರ ಮುಂದಿಡುವುದು ಅವಸರವಲ್ಲವೇ ಎಂಬುದು ಇದಕ್ಕಿಂತ ಗಂಭೀರವಾದ ಆಕ್ಷೇಪ. ಭೌತವಿಜ್ಞಾನಿ ಜೆ. ಜೆ. ಥಾಮ್ಸನ್ 1897ರ ಏಪ್ರಿಲ್ 30ರಂದು ಇದೇ ಶುಕ್ರವಾರದ ವೇದಿಕೆಯಿಂದ, ಕ್ಯಾಥೋಡ್ ಕಿರಣಗಳು ಪರಮಾಣುವಿಗಿಂತ ಬಹಳ ಸಣ್ಣ ಕಣಗಳಿಂದಾದವು ಎಂದು ಸಾರಿದರು. ಆಗ ಅವರ ಕೈಯಲ್ಲಿದ್ದದ್ದು ಕಣದ ದ್ರವ್ಯರಾಶಿಗೂ ವಿದ್ಯುದಂಶಕ್ಕೂ ಇರುವ ಪ್ರಮಾಣ ಮಾತ್ರ. ವಿದ್ಯುದಂಶವನ್ನು ಪ್ರತ್ಯೇಕವಾಗಿ ಅಳೆಯಲು 1899ರವರೆಗೆ ಕಾಯಬೇಕಾಯಿತು. ಸಭೆಯಲ್ಲಿದ್ದ ಒಬ್ಬ ಹೆಸರಾಂತ ಭೌತವಿಜ್ಞಾನಿಗೆ ಇದು ತಮಾಷೆಯೆನಿಸಿತ್ತೆಂದು ಥಾಮ್ಸನ್ನರೇ ಮುಂದೆ ನೆನೆದಿದ್ದಾರೆ. ಮುಂದೆ ಎಲೆಕ್ಟ್ರಾನ್ ಎನಿಸಿಕೊಂಡ ಆ ಕಣ ಹೀಗೆ ಸಂದೇಹದ ನಡುವೆಯೇ ಸಭೆಗೆ ಬಂತು. ಎಷ್ಟು ಅಳೆದಾಗಿದೆ, ಎಷ್ಟು ಊಹೆ ಎಂಬುದನ್ನು ವಿಂಗಡಿಸಿ ಹೇಳಿದರೆ ಅವಸರದ ದೋಷ ತಟ್ಟದು. ಅದನ್ನು ಮುಚ್ಚಿಟ್ಟು ಬರೀ ಬೆರಗು ಹುಟ್ಟಿಸುವ ಭಾಷಣಕ್ಕೆ ಈ ರಕ್ಷಣೆ ಸಲ್ಲದು.

ಸಭೆಗೆ ಯಾರಿಗೆ ಪ್ರವೇಶ ಎಂಬುದು ಮೂರನೆಯ ಪ್ರಶ್ನೆ. ಶುಕ್ರವಾರದ ಸಭೆ ಸದಸ್ಯರಿಗೂ ಅವರ ಅತಿಥಿಗಳಿಗೂ ಮೀಸಲಾಗಿತ್ತು. ಪುಸ್ತಕ ಕಟ್ಟುವ ಕೆಲಸ ಕಲಿಯುತ್ತಿದ್ದ ಫ್ಯಾರಡೆ 1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ಟಿನಿಂದ ಡೇವಿಯವರ ಉಪನ್ಯಾಸ ಕೇಳಿದರು, ಮರುವರ್ಷ ಅದೇ ಸಂಸ್ಥೆಯಲ್ಲಿ ಸಹಾಯಕರಾದರು. ಆದರೆ ಒಬ್ಬರ ಅದೃಷ್ಟವನ್ನು ವ್ಯವಸ್ಥೆಯ ಔದಾರ್ಯವೆಂದು ಬಗೆಯಲಾಗದು. ದುಡ್ಡು, ಅಂತಸ್ತುಗಳಷ್ಟೇ ಬಲವಾದ ತಡೆ ಭಾಷೆ. ಸಿ. ವಿ. ರಾಮನ್ ಕಲ್ಕತ್ತೆಯಲ್ಲಿ ಕಂಡ ಹೊಸ ವಿಕಿರಣವನ್ನು 1928ರ ಮಾರ್ಚ್ 16ರಂದು ಬೆಂಗಳೂರಿನ ಸಭೆಯೊಂದರಲ್ಲಿ ವಿವರಿಸಿದರು. ಅದರ ವರ್ಣಪಟಲದ ರೇಖೆಗಳು ಮೊದಲು ಕಂಡದ್ದು ಫೆಬ್ರುವರಿ 28ರಂದು. ಆದರೆ ಆ ಉಪನ್ಯಾಸ ನಡೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಈ ಹೊಣೆ ಹೊತ್ತದ್ದು ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು, ಜಿ. ಟಿ. ನಾರಾಯಣ ರಾವ್ ಅವರಂಥ ಲೇಖಕರು, 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಸಂಶೋಧಕರು ತಮ್ಮ ಹೊಸ ಫಲಿತಾಂಶವನ್ನು, ಅದರ ಸಂದೇಹಗಳ ಸಮೇತ, ತಾವೇ ಕನ್ನಡದಲ್ಲಿ ಸಭೆಯ ಮುಂದಿಡುವುದು ಮಾತ್ರ ಇನ್ನೂ ಅಪರೂಪ. ಬೆಂಗಳೂರಿನಲ್ಲಿ ಇಷ್ಟೊಂದು ಸಂಶೋಧನಾ ಸಂಸ್ಥೆಗಳಿವೆ. ಈ ಕೊರತೆಯನ್ನು ತುಂಬಬೇಕಾದವು ಅವೇ.